ಜಲಸಂಪನ್ಮೂಲ ಸಚಿವರಿಗೆ ಬಯಲುಸೀಮೆಯವನ ಅರಿಕೆ

ಮಾನ್ಯ ಜಲಸಂಪನ್ಮೂಲ ಸಚಿವ ಮಹಾಶಯರ ಸನ್ನಿಧಾನಕ್ಕೆ,

ಗೌರಿಬಿದನೂರಿನಿಂದ ಚಿಂತಾಮಣಿಯವರೆಗಿನ ರೈತರ ಪರವಾಗಿ ಮನವಿಗಳನ್ನು ಸಲ್ಲಿಸಿ, ಯಾವುದಕ್ಕೂ ಲಿಖಿತ ಉತ್ತರ ದೊರೆಯದೆ, ಕಡೆಗೆ ಖುದ್ದಾಗಿ ಕಚೇರಿಯೊಂದರ ಮೆಟ್ಟಿಲೇರಿದ ನಮ್ಮನ್ನು, ಅಲ್ಲಿನ ಅಧಿಕಾರಿಯೊಬ್ಬರು 'ಸರ್ಕಾರ ನಿಮ್ಮ ಕೆರೆಗಳಿಗೆ ನೀರು ಕೊಟ್ಟಿದೆ, ಕೃತಜ್ಞರಾಗಿರಿ' ಎಂದು ಉಪದೇಶಿಸಿ ಸಾಗಹಾಕಿದ ಕಾರಣ, ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ.

ಪೂರ್ವವೃತ್ತಾಂತ ತಮಗೆ ತಿಳಿಯದುದಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಪಿನಾಕಿನಿಗಳೂ ಪಾಪಾಗ್ನಿ ಚಿತ್ರಾವತಿಗಳೂ ಹುಟ್ಟಿಯೂ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಈ ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿಗಳನ್ನು ದಾಟಿದುವು. ನೀರಿನೊಡನೆ ಫ್ಲೋರೈಡೂ ಮೇಲೆದ್ದು ಬಂದಿತು. 2014ರಲ್ಲಿ ಚಿಕ್ಕಬಳ್ಳಾಪುರದ ಬಳಿಯೇ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾಗಿ, 24.01 ಟಿಎಂಸಿಯ ಆ ಯೋಜನೆಯಿಂದ ನಮಗೆ ಕುಡಿಯುವ ನೀರು ಬರುವುದೆಂದು ಸರ್ಕಾರ ವಚನವಿತ್ತಿತು. ಅಂದು 12,912 ಕೋಟಿ ರೂಪಾಯಿಗಳಿದ್ದ ಅಂದಾಜು 23,251 ಕೋಟಿಯನ್ನು ಮುಟ್ಟಿತು. 2024ರ ಗೌರಿಹಬ್ಬದಂದು ಸಕಲೇಶಪುರದ ಕಡೆ ಪಂಪುಗಳು ತಿರುಗಿದುವು. ವಿಶ್ವೇಶ್ವರಯ್ಯನವರ ಹುಟ್ಟೂರಿಗೆ ಮಾತ್ರ ಆ ನೀರು ತಲುಪಲಿಲ್ಲ. (ಕಾಮಗಾರಿ ನಡೆಸುವ ನಿಗಮಕ್ಕೆ ಅವರದೇ ಹೆಸರು!) ಬಂದುದು ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ, ಅದೂ ಎರಡೇ ಹಂತಗಳಲ್ಲಿ ಸಂಸ್ಕರಿಸಿದ್ದು.

ಇದಕ್ಕೆ ಕೃತಜ್ಞತೆಯೇ? ಕಮಲ್ ನಾಥ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲೇ, ಸಾರ್ವಜನಿಕ ಉಪಯೋಗಕ್ಕಾಗಿ ಇರುವ ನಿಸರ್ಗಸಂಪತ್ತಿಗೆಲ್ಲ ಸರ್ಕಾರವು ನ್ಯಾಸಧಾರಿಯೆಂದೂ, ಫಲಾನುಭವಿ ಪ್ರಜಾಸಮೂಹವೆಂದೂ ಸಾರಿದೆ. ನ್ಯಾಸದ ಸ್ವತ್ತನ್ನು ಹಕ್ಕುದಾರನಿಗೆ ಒಪ್ಪಿಸುವಾಗ ಅವನಿಂದ ನಮಸ್ಕಾರ ಬೇಡುವ, ಅದೂ ಒಪ್ಪಿಸದೆಯೇ ಬೇಡುವ ನ್ಯಾಸಧಾರಿಯನ್ನು ಯಾವ ಧರ್ಮಶಾಸ್ತ್ರ ಮೆಚ್ಚೀತು?

ನೆಲದಡಿಯ ನೀರಿನ ಪಾಡಂತೂ ವಿಚಿತ್ರ. ಬ್ರಿಟಿಷರ 1882ರ ಈಸ್‌ಮೆಂಟ್ ಕಾಯಿದೆಯ ದೆಸೆಯಿಂದ, ಜಮೀನುಳ್ಳವನು ತನ್ನ ನೆಲದ ಕೆಳಗಿನದನ್ನು ಬೇಕಾದಷ್ಟು ಎತ್ತಬಹುದು. ಜಮೀನಿಲ್ಲದವನು ಬಿಂದಿಗೆ ಹಿಡಿದು ಟ್ಯಾಂಕರು ಕಾಯಬೇಕು. ರಾಜ್ಯದ 2011ರ ಅಂತರ್ಜಲ ಕಾಯಿದೆಯಲ್ಲಿ ಅನುಮತಿ, ನೋಂದಣಿಗಳ ನಿಯಮಗಳಿವೆ. ಇರುಳಲ್ಲಿ ಬೋರು ಕೊರೆಯುವ ಲಾರಿಗೆ ಅವು ಕಂಡಂತಿಲ್ಲ. ಕೆರೆಯ ಅಂಗಳಗಳು ಬಡಾವಣೆಗಳಾಗುತ್ತಿರುವುದೂ, ರಾಜಕಾಲುವೆಗಳು ರಸ್ತೆಗಳಾಗುತ್ತಿರುವುದೂ ತಮಗೆ ಕಾಣುತ್ತಿಲ್ಲವೇ? ಚುನಾವಣೆ ಬಂದಾಗ ಮಾತ್ರ ಕಾಣುವ ಕಣ್ಣುಗಳು ಯಾರಿಗೆ ಬೇಕು?

ನಮ್ಮ ಕೆರೆಗಳಿಗೆ ಹರಿಯುವ ನೀರನ್ನು ಮೂರನೆಯ ಹಂತದಲ್ಲಿಯೂ ಶುದ್ಧೀಕರಿಸಿ, ಅದರ ಪರೀಕ್ಷಾವರದಿಯನ್ನು ಗ್ರಾಮಪಂಚಾಯಿತಿಯ ಗೋಡೆಗೆ ಅಂಟಿಸಿರಿ. ಎತ್ತಿನಹೊಳೆಯ ನೀರು ಯಾವ ತಿಂಗಳು, ಯಾವ ಕೆರೆಗೆ ಬರುವುದೆಂದು ಕಾಗದದ ಮೇಲೆ ಬರೆದುಕೊಡಿರಿ. ಆ ಅಧಿಕಾರಿಯವರ ಉಪದೇಶವು ಸರ್ಕಾರದ ಅಭಿಪ್ರಾಯವೂ ಆಗಿದ್ದ ಪಕ್ಷದಲ್ಲಿ, ಅದನ್ನೂ ಅದೇ ಕಾಗದದಲ್ಲಿ ಬರೆದು ಸಹಿ ಹಾಕಿರಿ.

ಇಂತು,
ಶಿಡ್ಲಘಟ್ಟದ ಒಬ್ಬ ರೇಷ್ಮೆ ಬೆಳೆಗಾರ