‘ಆರಾಮ ಅದೀನ್ರಿ’ ಎಂದವಳ ಫೈಲಿನಲ್ಲಿ ಇಲ್ಲದ್ದು

ನನ್ನ ಹತ್ತಿರ ನೂರು ಪುಟದ ಒಂದು ನೋಟ್‌ಬುಕ್ ಇದೆ. ದೊಡ್ಡವ್ವನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಮೇಲೆ, ಹಾವೇರಿ ಕಡೆಯ ನಮ್ಮೂರಿಂದ ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಕೀಮೋಗೆ ಕರೆತರುತ್ತಿದ್ದ ದಿನಗಳದ್ದು. ಮೊದಮೊದಲು ಅದರಲ್ಲಿ ಆಟೋ ಬಾಡಿಗೆ, ರಕ್ತ ಪರೀಕ್ಷೆಯ ಬಿಲ್ಲು, ಮಾತ್ರೆಗಳ ಹೆಸರು ಮಾತ್ರ ಬರೆಯುತ್ತಿದ್ದೆ. ಎರಡನೇ ಕೀಮೋ ಆದಮೇಲೆ ಬೇರೆ ಥರದ ಸಾಲುಗಳು ಶುರುವಾದವು. ‘ಮೂರನೇ ದಿನ. ರಾತ್ರಿ ಪೂರ್ತಿ ಎದ್ದೇ ಇದ್ದಳು. ಕೈಕಾಲು ಮುರಿದಂಗ ನೋವು ಅಂತಾಳ. ಬೆಳಿಗ್ಗೆ ಎದ್ದು ಕೂರೋಕೂ ಆಗ್ತಿಲ್ಲ. ಊಟ ಬೇಡ. ಮೂರು ದಿನದಿಂದ ಸಂಡಾಸಿಗೆ ಹೋಗಿಲ್ಲ. ಸುಮ್ಮಸುಮ್ಮನೆ ಅಳ್ತಾಳ.’

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಕೇಳಿದರು, ‘ಹೇಗಿದ್ದೀರಾ ಅಮ್ಮ?’ ದೊಡ್ಡವ್ವ ಸೆರಗು ಸರಿ ಮಾಡಿಕೊಂಡು, ‘ಆರಾಮ ಅದೀನ್ರಿ’ ಅಂದಳು. ಅವರು ಬ್ಲಡ್ ಕೌಂಟ್ ನೋಡಿ, ಸಹಿ ಹಾಕಿ, ಮುಂದಿನ ಕೀಮೋಗೆ ಬರೆದುಕೊಟ್ಟರು. ಎರಡು ನಿಮಿಷ. ಆ ಡಾಕ್ಟರನ್ನು ಬೈಯೋಕೆ ನನಗೆ ಮನಸ್ಸಿಲ್ಲ, ಹೊರಗೆ ಕಾರಿಡಾರಿನಲ್ಲಿ ಕೂರೋಕೆ ಜಾಗವಿಲ್ಲದೆ ಜನ ನೆಲದ ಮೇಲೆ ಕೂತಿದ್ದರು. ವಾಪಸ್ ಬರುವಾಗ ಬಸ್ಸಲ್ಲಿ ಕೇಳಿದೆ, ‘ಅವರ ಮುಂದ ಯಾಕ ಹೇಳಲಿಲ್ಲ?’ ‘ಅವರಿಗಿ ಅವಸರ ಇತ್ತವಾ. ಮ್ಯಾಲ ಇಷ್ಟೆಲ್ಲಾ ಹೇಳಿದ್ರ, ಈಕಿಗೆ ತಾಳಂಗಿಲ್ಲ ಅಂತ ಔಷಧಿನ ನಿಲ್ಲಿಸಿಬಿಟ್ರ?’

ಆ ಭಯ ದೊಡ್ಡವ್ವನೊಬ್ಬಳದ್ದಲ್ಲ. ಕೀಮೋ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಜೊತೆ ಹತ್ತು ನಿಮಿಷ ಮಾತಾಡಿದರೆ ಸಾಕು, ಇದೇ ಮಾತು ಬರುತ್ತೆ.

ನನ್ನ ನೋಟ್‌ಬುಕ್ಕಿನ ಸಾಲುಗಳನ್ನು ನಾನೇ ತಪ್ಪಾಗಿ ಓದುತ್ತಿದ್ದೆ ಅಂತ ತಿಳಿದದ್ದು ತಡವಾಗಿ. ನೋವು ಒಂದು ಸಮಸ್ಯೆ, ನಿದ್ದೆ ಇನ್ನೊಂದು, ಸುಸ್ತು ಮತ್ತೊಂದು ಅಂತ ಬಿಡಿಬಿಡಿಯಾಗಿ ಬರೆದಿದ್ದೆ. ಅಮೆರಿಕದ ನರ್ಸಿಂಗ್ ಸಂಶೋಧಕಿ ಮೆರಿಲಿನ್ ಡಾಡ್ ಮತ್ತು ಸಂಗಡಿಗರು 2001ರಲ್ಲೇ ಇದಕ್ಕೊಂದು ಹೆಸರು ಕೊಟ್ಟಿದ್ದರು: ಸಿಂಪ್ಟಮ್ ಕ್ಲಸ್ಟರ್, ಅಂದರೆ ಲಕ್ಷಣಗಳ ಗುಂಪು. ಒಂದಕ್ಕೊಂದು ಸಂಬಂಧವಿರುವ ಮೂರು ಅಥವಾ ಹೆಚ್ಚು ಲಕ್ಷಣಗಳು ಒಟ್ಟಿಗೇ ಕಾಣಿಸಿಕೊಳ್ಳುವುದು. ಅವರು ಮೊದಲು ನೋಡಿದ್ದು ಇದೇ ಮೂರನ್ನು: ನೋವು, ಸುಸ್ತು, ನಿದ್ರಾಹೀನತೆ. ಗಮನಿಸಿ, ಇದನ್ನು ಎತ್ತಿ ಹೇಳಿದ್ದು ನರ್ಸಿಂಗ್ ಲೋಕ. ರೋಗಿಯ ಪಕ್ಕದಲ್ಲಿ ರಾತ್ರಿ ಇರುವವರು ಅವರು ತಾನೇ.

ಇವು ಯಾಕೆ ಗುಂಪಾಗಿ ಬರುತ್ತವೆ? ಒಂದು ಕಾರಣ ಎಲ್ಲರಿಗೂ ಅರ್ಥವಾಗುವಂಥದ್ದು. ನೋವಿದ್ದರೆ ನಿದ್ದೆ ಬರಲ್ಲ, ನಿದ್ದೆಗೆಟ್ಟರೆ ನೋವು ತಡೆಯುವ ಶಕ್ತಿ ಕುಗ್ಗುತ್ತೆ. ಸುಸ್ತಾಗಿ ಹಗಲೆಲ್ಲ ಮಲಗಿದರೆ ರಾತ್ರಿಯ ನಿದ್ದೆ ಇನ್ನಷ್ಟು ಹಾಳು. ಇನ್ನೊಂದು ಕಾರಣ ಮೈಯೊಳಗಿನದ್ದು. ಜೋರು ಜ್ವರ ಬಂದಾಗ ನಿಮಗೆ ಹೇಗಾಗುತ್ತೆ ನೆನಪಿಸಿಕೊಳ್ಳಿ. ಮೈಕೈ ನೋವು, ಊಟ ಸೇರಲ್ಲ, ಯಾರ ಜೊತೆಗೂ ಮಾತು ಬೇಡ, ನೆಟ್ಟಗೆ ನಿದ್ದೆಯೂ ಇಲ್ಲ, ಎಲ್ಲವೂ ಏಕಕಾಲಕ್ಕೆ. ರೋಗನಿರೋಧಕ ವ್ಯವಸ್ಥೆ ಬಿಡುಗಡೆ ಮಾಡುವ ಸೈಟೋಕೈನ್ ಎಂಬ ರಾಸಾಯನಿಕಗಳು ಮೆದುಳಿನ ಮೇಲೆ ಮಾಡುವ ಕೆಲಸ ಅದು. ಕ್ಯಾನ್ಸರ್ ಗೆಡ್ಡೆ, ಕೀಮೋ, ರೇಡಿಯೇಷನ್ ಮೂರೂ ಇಂಥದ್ದೇ ಉರಿಯೂತವನ್ನು ವಾರಗಟ್ಟಲೆ ಎಬ್ಬಿಸಿಡಬಲ್ಲವು. ಹಾಗಾಗಿಯೇ ಕ್ಯಾನ್ಸರಿನ ಸುಸ್ತು ಮಲಗಿ ಎದ್ದರೆ ಹೋಗುವ ಸುಸ್ತಲ್ಲ. ‘ರೆಸ್ಟ್ ಮಾಡಿ’ ಅನ್ನುವ ನಮ್ಮೆಲ್ಲರ ಸಲಹೆ ಇಲ್ಲಿ ಬಹುಪಾಲು ಕೆಲಸಕ್ಕೆ ಬರಲ್ಲ. ದೇಹ ತಾಳುವಷ್ಟು ದಿನಾ ನಡೆದಾಡುವುದೇ ಅದಕ್ಕಿಂತ ಹೆಚ್ಚು ಉಪಯೋಗ ಅನ್ನುತ್ತವೆ ಅಧ್ಯಯನಗಳು.

ಈಗ ನಮ್ಮ ಮಾತ್ರೆ ಚೀಟಿಯ ಕಥೆ. ನೋವಿಗೆ ಟ್ರಮಡಾಲ್ ಕೊಟ್ಟರು. ಅದರಿಂದ ಹೊಟ್ಟೆ ತೊಳಸಿತು, ಮಲ ಕಟ್ಟಿತು. ಹೊಟ್ಟೆ ತೊಳಸುವುದಕ್ಕೆ ಒಂಡಾನ್ಸೆಟ್ರಾನ್ ಬರೆದರು. ಅದು ವಾಂತಿ ನಿಲ್ಲಿಸಿತು, ಮಲಬದ್ಧತೆ ಇನ್ನೂ ಹೆಚ್ಚಿಸಿತು. ಹೊಟ್ಟೆ ಕಲ್ಲಿನಂತಾದ ಮೇಲೆ ಊಟ ಎಲ್ಲಿಂದ ಸೇರಬೇಕು? ಉಣ್ಣದೆ ನಿಶ್ಶಕ್ತಿ. ಅದಕ್ಕೊಂದು ಟಾನಿಕ್. ಪ್ರತಿಯೊಂದು ಮಾತ್ರೆಯೂ ತನ್ನಷ್ಟಕ್ಕೆ ಸರಿಯಾಗೇ ಇತ್ತು. ನೋವಿನ ಮಾತ್ರೆ ಜೊತೆಗೇ ಮಲ ಸಡಿಲ ಮಾಡುವ ಔಷಧಿ ಕೊಡಬೇಕೆಂಬ ಸಾದಾ ಸಂಗತಿ ಮಾತ್ರ ಯಾರ ಕೈಯಿಂದಲೋ ಜಾರಿತ್ತು. ಯಾಕೆಂದರೆ ಒಬ್ಬೊಬ್ಬರು ಒಂದೊಂದು ಲಕ್ಷಣ ನೋಡಿದರು. ಒಟ್ಟು ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿತ್ತು, ಅದನ್ನು ಯಾರೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಬಾಯಿ ಕ್ಯಾನ್ಸರಿನವರ ಪಾಡು ಇನ್ನೂ ಕಠಿಣ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಅದು, ಗುಟ್ಕಾ ತಂಬಾಕಿನ ಪುಣ್ಯ. ರೇಡಿಯೇಷನ್ ಶುರುವಾಗಿ ಎರಡು–ಮೂರು ವಾರಕ್ಕೆ ಬಾಯೊಳಗೆಲ್ಲ ಹುಣ್ಣು, ಜೊಲ್ಲು ಒಣಗುತ್ತೆ, ನಾಲಗೆಗೆ ರುಚಿ ಗೊತ್ತಾಗಲ್ಲ, ನುಂಗೋಕಾಗಲ್ಲ, ತೂಕ ಇಳಿಯುತ್ತೆ, ಮಾತು ತೊದಲುತ್ತೆ. ಮಾತೇ ಕಷ್ಟವಾದವನು ‘ನನಗೆ ಬದುಕೋದು ಬೇಡ ಅನ್ನಿಸ್ತಿದೆ’ ಅಂತ ಹೇಗೆ ಹೇಳಬೇಕು? ಇಂಥ ಹೊತ್ತಲ್ಲೇ ಎಷ್ಟೋ ಜನ ಅರ್ಧಕ್ಕೆ ಬಿಟ್ಟು ಊರಿಗೆ ಹೋಗಿಬಿಡುತ್ತಾರೆ. ರೇಡಿಯೇಷನ್ ನಡುವೆ ದಿನಗಳು ತಪ್ಪಿದರೆ ಗೆಡ್ಡೆ ಮತ್ತೆ ಬೆಳೆಯೋಕೆ ಅವಕಾಶ. ಬಾಯಿಹುಣ್ಣಿನ ನೋವನ್ನು ‘ಸೈಡ್ ಎಫೆಕ್ಟ್’ ಅಂತ ಪಕ್ಕಕ್ಕಿಡುವುದು ಎಷ್ಟು ದುಬಾರಿ ಅಂತ ಇಲ್ಲಿ ಗೊತ್ತಾಗುತ್ತೆ.

‘ಜೀವ ಉಳಿಸೋದೇ ಕಷ್ಟ ಇರುವಾಗ ಜೀವನದ ಗುಣಮಟ್ಟ ಅನ್ನೋದು ಶ್ರೀಮಂತರ ಮಾತಲ್ವಾ?’ ಅಂತ ಗೆಳೆಯರೊಬ್ಬರು ಕೇಳಿದ್ದರು, ಎಡಪಂಥೀಯ ಗೆಳೆಯರೇ. ನನಗೆ ಇದು ಪೂರ್ತಿ ತಲೆಕೆಳಗಾದ ವಾದ ಅನ್ನಿಸುತ್ತೆ. ಬೋಸ್ಟನ್ನಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಾಮಕ ಆರೈಕೆಯೂ ಸಿಕ್ಕವರು ಮಧ್ಯಾಂಕ ಲೆಕ್ಕದಲ್ಲಿ 11.6 ತಿಂಗಳು ಬದುಕಿದರು, ಮಾಮೂಲಿ ಚಿಕಿತ್ಸೆಯವರು 8.9 ತಿಂಗಳು. ಖಿನ್ನತೆಯೂ ಕಡಿಮೆಯಿತ್ತು. 2017ರಲ್ಲಿ ನ್ಯೂಯಾರ್ಕಿನಿಂದ ಬಂದದ್ದು ಇನ್ನೂ ಸರಳ. ಕೀಮೋ ಪಡೆಯುತ್ತಿದ್ದ 766 ಜನರಲ್ಲಿ ಒಂದು ಗುಂಪಿನವರು ತಮ್ಮ ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸಿದರು. ಏನಾದರೂ ಜೋರಾದರೆ ನರ್ಸಿಗೆ ಸಂದೇಶ ಹೋಗುತ್ತಿತ್ತು. ಆ ಗುಂಪು 31.2 ತಿಂಗಳು ಬದುಕಿತು, ಉಳಿದವರು 26. ಅಮೆರಿಕದ ಅಂಕಿಗಳನ್ನು ತಂದು ಇಲ್ಲಿಗೆ ಅಂಟಿಸೋಕಾಗಲ್ಲ, ಸರಿ. ಆದರೆ ಇಲ್ಲಿ ‘ಔಷಧಿ’ ಏನಾಗಿತ್ತು ನೋಡಿ: ಕೇಳುವುದು, ಕೇಳಿದ್ದಕ್ಕೆ ಒಬ್ಬರು ಓಗೊಡುವುದು. ಐದು ತಿಂಗಳು ಹೆಚ್ಚು ಕೊಡುವ ಹೊಸ ಮಾತ್ರೆ ಬಂದಿದ್ದರೆ ಅದರ ಬೆಲೆ ಲಕ್ಷಗಳಲ್ಲಿರುತ್ತಿತ್ತು.

ಕೇಳೋಕೆ ಕಂಪ್ಯೂಟರೂ ಬೇಕಿಲ್ಲ. ಕೆನಡಾದ ಎಡ್ಮಂಟನ್‌ನಲ್ಲಿ 1991ರಲ್ಲಿ ರೂಪಿಸಿದ ಒಂದು ಹಾಳೆ ಇದೆ. ನೋವು, ಸುಸ್ತು, ಹೊಟ್ಟೆ ತೊಳಸು, ಮಂಪರು, ಹಸಿವು, ಉಸಿರಾಟ, ಬೇಸರ, ಆತಂಕ, ಒಟ್ಟಾರೆ ಹೇಗನ್ನಿಸುತ್ತಿದೆ. ಒಂಬತ್ತು ಸಂಗತಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಐದನೇ ಕೀಮೋದಲ್ಲಿ ಒಬ್ಬ ನರ್ಸ್ ನಮ್ಮ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಇಂಥದ್ದೇ ಹಾಳೆ ತುಂಬಿಸಿದರು. ‘ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ ಅಜ್ಜಿ?’ ದೊಡ್ಡವ್ವ ನಕ್ಕು, ‘ಎಂಟ್ ಬರೀರಿ’ ಅಂದಳು. ‘ಆರಾಮ ಅದೀನ್ರಿ’ ಅಂದವಳೇ ಇವಳು! ಡಾಕ್ಟರ್ ಅವತ್ತು ರಾತ್ರಿಯ ನೋವಿನ ಮಾತ್ರೆಯ ಹೊತ್ತು ಬದಲಿಸಿದರು, ಜೊತೆಗೆ ಹೊಟ್ಟೆ ಸಡಿಲ ಮಾಡುವ ಸಿರಪ್ ಬರೆದರು. ನೋಟ್‌ಬುಕ್ಕಿನಲ್ಲಿ ಆ ಸಲದ ನಾಲ್ಕನೇ ದಿನ ಹೀಗಿದೆ: ‘ಹತ್ತರಿಂದ ನಾಲ್ಕರ ತನಕ ನಿದ್ದೆ. ಅರ್ಧ ರೊಟ್ಟಿ, ಝುಣಕ. ಕಟ್ಟೆ ಮೇಲೆ ಕೂತು ಪಕ್ಕದ ಮನೆಯವರ ಜೊತೆ ಜಗಳ.’ ಬೆರಳು ತುದಿಯ ಜೋಮು ಇವತ್ತಿಗೂ ಹೋಗಿಲ್ಲ, ಸೂಜಿಗೆ ದಾರ ಪೋಣಿಸೋಕೆ ನನ್ನನ್ನೇ ಕರೀತಾಳೆ. ಎಲ್ಲವೂ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಗುಂಪಿನಲ್ಲಿ ಒಂದನ್ನು ಹಿಡಿದು ಎಳೆದಾಗ ಉಳಿದವೂ ಸ್ವಲ್ಪ ಸಡಿಲಾದವು.

ಆ ನರ್ಸ್ ಮುಂದಿನ ಸಲ ಇರಲಿಲ್ಲ. ಬೇರೆ ವಾರ್ಡಿಗೆ ಹಾಕಿದ್ದರಂತೆ. ಇಲ್ಲಿಂದ ಇದು ರಾಜಕೀಯದ ಪ್ರಶ್ನೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನಮ್ಮಂಥವರ ಮನೆ ಮುಳುಗದೆ ಉಳಿದದ್ದು ಅದರಿಂದಲೇ. ಶಕ್ತಿ ಯೋಜನೆಯಿಂದ ನಮ್ಮಿಬ್ಬರ ಬಸ್ ಟಿಕೆಟ್ಟೂ ಉಚಿತ. ಆದರೆ ದೊಡ್ಡವ್ವನ ಫೈಲಿನಲ್ಲಿ ಆಪರೇಷನ್‌ಗೆ ಹಾಳೆ ಇದೆ, ಪ್ರತಿ ಕೀಮೋಗೆ ಹಾಳೆ ಇದೆ. ಎರಡು ಕೀಮೋ ನಡುವೆ ಮನೆಯಲ್ಲಿ ಕಳೆದ ಇಪ್ಪತ್ತು ದಿನಕ್ಕೆ ಒಂದು ಗೆರೆಯೂ ಇಲ್ಲ. ಕಾಯಿಲೆ ನಡೆದದ್ದು ಆ ಇಪ್ಪತ್ತು ದಿನಗಳಲ್ಲಿ. ನನ್ನ ಕೆಲಸ ಹೋದದ್ದೂ ಆಗಲೇ, ರಾತ್ರಿ ಎದ್ದಿರುವವರು ಹಗಲು ಆಫೀಸಿನಲ್ಲಿ ತೂಕಡಿಸುತ್ತಾರೆ.

ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ ಸರ್ಕಾರಿ ನೀತಿ ತಂದಿತು. ಅದಕ್ಕೂ ಮೊದಲು 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಎಂ.ಆರ್. ರಾಜಗೋಪಾಲ್ ಮತ್ತಿತರರು ಶುರುಮಾಡಿದ ಸೊಸೈಟಿ, ಆಮೇಲೆ ಮಲಪ್ಪುರಂ ಕಡೆ ಊರೂರಿನ ಸ್ವಯಂಸೇವಕರ ಜಾಲ, ಪಂಚಾಯಿತಿ ದುಡ್ಡಿನಲ್ಲಿ ಮನೆಗೆ ಬರುವ ನರ್ಸ್. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಹಣ ತೆಗೆದುಕೊಳ್ಳದೆ ದೊಡ್ಡ ಕೆಲಸ ಮಾಡುತ್ತಿವೆ. ಆದರೆ ತಾಲ್ಲೂಕಿನ ಜನ ಅಲ್ಲಿಗೆ ಹೋಗೋದು ಹೇಗೆ? ಮಾರ್ಫಿನ್ ಕಥೆ ಇನ್ನೂ ಬೇಸರದ್ದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸುವ ದೇಶ ನಮ್ಮದು. ಅದೇ ದೇಶದಲ್ಲಿ 1985ರ ಮಾದಕವಸ್ತು ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು. 2014ರಲ್ಲಿ ತಿದ್ದುಪಡಿಯಾಗಿ ಲೈಸೆನ್ಸ್ ಸುಲಭವಾಯಿತು. ಕಾಗದದ ಭಯ ಕಡಿಮೆಯಾದರೂ ಮನಸ್ಸಿನದ್ದು ಹೋಗಿಲ್ಲ.

ಮನೆ ಬಾಗಿಲಿಗೆ ಬರೋದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲ ಅಂತಲ್ಲ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಮನೆಗೆ ಬಂದು ಬಿಪಿ, ಶುಗರ್ ಜೊತೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಲಕ್ಷಣಗಳನ್ನೂ ವಿಚಾರಿಸುತ್ತಾರೆ. ಒಳ್ಳೆಯದು. ಕ್ಯಾನ್ಸರ್ ಹುಡುಕಿಕೊಂಡು ಬಂದವರು, ಸಿಕ್ಕಮೇಲೆ ಅದೇ ಮನೆಗೆ ಒಂಬತ್ತು ಪ್ರಶ್ನೆ ಹಿಡಿದು ಮತ್ತೆ ಯಾಕೆ ಬರಬಾರದು? ಹಾಗಂತ ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬೇಡಿ. 2025ರ ಜನವರಿಯ ಚಳಿಯಲ್ಲಿ ಅವರು ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತದ್ದನ್ನು ನೋಡಿದ್ದೇವೆ. ಕೆಲಸಕ್ಕೆ ಸಂಬಳ, ತರಬೇತಿ, ಜೊತೆಗೆ ನೋಡಿದ್ದನ್ನು ಡಾಕ್ಟರಿಗೆ ನೇರ ಮುಟ್ಟಿಸುವ ಅಧಿಕಾರ ಬೇಕು.

ಈಗ ಕೀಮೋ ಜಿಲ್ಲೆಗೇ ಬರುತ್ತಿದೆ. ಮೂರು ವರ್ಷದಲ್ಲಿ ಎಲ್ಲಾ ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ಅಂತ 2025ರ ಕೇಂದ್ರ ಬಜೆಟ್ ಹೇಳಿತು, ರಾಜ್ಯ ಸರ್ಕಾರವೂ ತನ್ನ ಕೇಂದ್ರಗಳನ್ನು ತೆರೆಯುತ್ತಿದೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ನಿಮ್ಮೂರಲ್ಲಿ ಉದ್ಘಾಟನೆಗೆ ಶಾಸಕರು ಬಂದಾಗ ಕುರ್ಚಿ ಎಷ್ಟು, ಹಾಸಿಗೆ ಎಷ್ಟು ಅಂತ ಅವರೇ ಹೇಳುತ್ತಾರೆ. ನೀವು ಇದೊಂದು ಕೇಳಿ: ಶುಕ್ರವಾರ ಇಲ್ಲಿ ಕೀಮೋ ಹಾಕಿಸಿಕೊಂಡು ಮನೆಗೆ ಹೋದ ಹೆಂಗಸಿಗೆ ಸೋಮವಾರ ರಾತ್ರಿ ಎರಡು ಗಂಟೆಗೆ ನೋವು ತಡೆಯೋಕಾಗದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಅದನ್ನು ಎತ್ತುವವರು ಯಾರು?