ಗಾಡಿಯ ಮೇಲೆ ಉಪಕರಣಗಳ ವ್ಯಾಪಾರ: ಏಜೆನ್ಸಿ ಹಿಡಿಯಬಹುದೇ?

(ವ್ಯವಸಾಯ ಇನ್‌ಸ್ಪೆಕ್ಟರರೊಬ್ಬರು, ಎಲ್. ಏಜಿ.)

ಕಳೆದ ಮುಂಗಾರಿಗೆ ಮೊದಲು ಈ ಲೇಖಕನ ವಲಯದ ಭೂಮಾಲೀಕರೊಬ್ಬರು ತಮ್ಮ ಮಗನೊಡನೆ ಕಛೇರಿಗೆ ಬಂದರು. ಮಗನು ವಿದ್ಯಾವಂತನು, ಊರು ಬಿಟ್ಟು ಪಟ್ಟಣ ಸೇರಲು ಒಲ್ಲನು. ಕಂಪೆನಿಯೊಂದರ ಏಜೆನ್ಸಿಯನ್ನು ಹಿಡಿದು, ಅದರ ಕೈಹತ್ಯಾರುಗಳನ್ನೂ ವ್ಯವಸಾಯದ ಉಪಕರಣಗಳನ್ನೂ ಸಣ್ಣ ಮೋಟಾರು ಗಾಡಿಯಲ್ಲಿ ತುಂಬಿಕೊಂಡು ಊರೂರಿಗೆ ಹೋಗಿ ಮಾರಬೇಕೆಂಬುದು ಅವನ ಅಪೇಕ್ಷೆ. ಇದಕ್ಕಾಗಿ ಎರಡು ಎಕರೆ ತೆಂಗಿನ ತೋಟವನ್ನು ಆಧಾರವಿಟ್ಟು ಸಾಲ ತೆಗೆಯಬಹುದೇ ಎಂಬುದು ತಂದೆಯ ಪ್ರಶ್ನೆ. ಇಂತಹ ಪ್ರಶ್ನೆಯು ಇತರ ಗ್ರಾಮಗಳಲ್ಲಿಯೂ ಏಳಬಹುದಾದುದರಿಂದ, ಅಂದು ಹೇಳಿದ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುವುದು ಉಚಿತವೆಂದು ತೋರಿತು.

ಈ ವ್ಯಾಪಾರಪದ್ಧತಿಯು ಅಮೆರಿಕಾ ದೇಶದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. 1920ರಲ್ಲಿ ಆರಂಭವಾದ ಸ್ನಾಪ್-ಆನ್ ಮೊದಲಾದ ಕಂಪೆನಿಗಳ ಏಜೆಂಟರು ಗಾಡಿಯ ತುಂಬ ಹತ್ಯಾರುಗಳನ್ನಿಟ್ಟುಕೊಂಡು, ಗೊತ್ತಾದ ಮಾರ್ಗದಲ್ಲಿ ವಾರಕ್ಕೊಮ್ಮೆ ಮೋಟಾರು ದುರಸ್ತಿಯ ಕಾರ್ಖಾನೆಗಳಿಗೆ ಹೋಗುತ್ತಾರೆ. ಅಲ್ಲಿಯ ಮೆಕ್ಯಾನಿಕ್ಕನು ತನ್ನ ಹತ್ಯಾರುಗಳನ್ನು ಸಾಮಾನ್ಯವಾಗಿ ತಾನೇ ಕೊಂಡುಕೊಳ್ಳುವವನು. ಏಜೆಂಟನು ಅವನಿಗೆ ಉದ್ದರಿ ಕೊಟ್ಟು ವಾರವಾರವೂ ಕಂತಿನ ಹಣವನ್ನು ವಸೂಲು ಮಾಡುತ್ತಾನೆ. ಆದುದರಿಂದ ಆ ಏಜೆಂಟನು ಹತ್ಯಾರಿನ ವ್ಯಾಪಾರಿಯಾಗಿರುವಷ್ಟೇ ಸಾಲದ ವ್ಯಾಪಾರಿಯೂ ಆಗಿದ್ದಾನೆ. ಆ ಪದ್ಧತಿಯು ನಿಂತಿರುವುದು ಕೊಳ್ಳುವವನ ಕೈಗೆ ತಪ್ಪದೆ ಬರುವ ಸಂಬಳದ ಮೇಲೆ. ನಮ್ಮ ರೈತನಿಗೆ ಅಂತಹ ವರಮಾನವಿಲ್ಲ. ಹೈನು, ರೇಷ್ಮೆ, ತರಕಾರಿ ಇರುವ ಕಡೆ ಆಗಾಗ್ಗೆ ಹಣ ಕಂಡೀತು. ರಾಗಿ, ಜೋಳ, ಭತ್ತಗಳನ್ನೇ ನಂಬಿದವನು ಸುಗ್ಗಿಯವರೆಗೆ ಕಾಯಲೇಬೇಕು. ಹೊರಗಿನ ಮಾದರಿಯನ್ನು ಇಲ್ಲಿಗೆ ತರುವಾಗ ಮೊದಲು ಗಮನಿಸತಕ್ಕ ಭೇದವು ಇದೇ.

ಹಾಗೆಂದು ಇದು ನಿಷ್ಪ್ರಯೋಜಕವಾದ ವ್ಯಾಪಾರವೆಂದು ಯಾರೂ ಭಾವಿಸಬಾರದು. ಗುದ್ದಲಿಯ ಕಾವು ಮುರಿದರೂ, ಔಷಧಿ ಸಿಂಪಡಿಸುವ ಪಂಪಿನ ವಾಷರು ಸವೆದರೂ, ರೈತನು ಅರ್ಧ ದಿನದ ಕೆಲಸ ಕೆಡಿಸಿಕೊಂಡು ಬಸ್ಸು ಹತ್ತಬೇಕಾಗಿದೆ. ಅನೇಕ ಗ್ರಾಮಗಳಲ್ಲಿ ಕಮ್ಮಾರನ ಕುಲುಮೆಯು ಆರಿಹೋಗಿದೆ. ಆಳುಗಳು ದೊರೆಯದ ಈ ಕಾಲದಲ್ಲಿ ಹದವಾದ ಕುಡುಗೋಲು, ಒಳ್ಳೆಯ ಎಡೆಕುಂಟೆಗಳ ಬೆಲೆಯನ್ನು ಬಲ್ಲವರೇ ಬಲ್ಲರು. ಅವು ಮನೆಯ ಬಾಗಿಲಿಗೆ ಬಂದರೆ ರೈತನಿಗೆ ಉಪಕಾರವೇ ಸರಿ. ಆದರೆ ರೈತನಿಗೆ ಉಪಕಾರವಾದುದೆಲ್ಲವೂ ಮಾರುವವನಿಗೆ ಲಾಭವಾಗಲೇಬೇಕೆಂಬ ನಿಯಮವಿಲ್ಲ.

ಲೆಕ್ಕವನ್ನು ನೋಡೋಣ. ಉದಾಹರಣೆಗಾಗಿ ಹೀಗೆ ಊಹಿಸಿರಿ: ಗಾಡಿಯ ಸಾಲದ ಕಂತು ತಿಂಗಳಿಗೆ 12,000 ರೂಪಾಯಿ, ಎಣ್ಣೆಯ ಖರ್ಚು 9,000, ವಿಮೆ, ರಿಪೇರಿಗಳಿಗೆ 2,000, ಕಂಪೆನಿಗೆ ಸಲ್ಲಿಸುವ ಶುಲ್ಕ 3,000, ನಾಲ್ಕು ಲಕ್ಷ ರೂಪಾಯಿಗಳ ದಾಸ್ತಾನಿನ ಮೇಲೆ ಶೇಕಡ 12ರಂತೆ ಬಡ್ಡಿ 4,000. ಒಟ್ಟು 30,000 ರೂಪಾಯಿ. ಮಾರಿದ ಪ್ರತಿ ರೂಪಾಯಿಗೆ 20 ಪೈಸೆ ಉಳಿಯುವುದಾದರೆ, ಈ ಖರ್ಚು ಹುಟ್ಟಲು ತಿಂಗಳಿಗೆ ಒಂದೂವರೆ ಲಕ್ಷದ ವ್ಯಾಪಾರ ನಡೆಯಬೇಕು. ತಿಂಗಳಲ್ಲಿ 24 ದಿನ ತಿರುಗಿದರೆ ದಿನಕ್ಕೆ 6,250 ರೂಪಾಯಿಗಳಾಯಿತು. ಇಷ್ಟಾದರೂ ಏಜೆಂಟನ ಸ್ವಂತ ಶ್ರಮಕ್ಕೆ ಒಂದು ಕಾಸೂ ಹುಟ್ಟಿರುವುದಿಲ್ಲ. ಅವನಿಗೆ 15,000 ರೂಪಾಯಿ ಉಳಿಯಬೇಕಾದರೆ ವ್ಯಾಪಾರವು ಎರಡೂಕಾಲು ಲಕ್ಷಕ್ಕೆ ಏರಬೇಕು. ಕೊಳ್ಳುವವರಾದರೋ ಮುಂಗಾರಿನ ಮುಂಚೆಯೂ ಕೊಯ್ಲಿನ ಹೊತ್ತಿಗೂ ಬರುವರು. ಕಂತು, ಬಡ್ಡಿಗಳು ಹನ್ನೆರಡು ತಿಂಗಳೂ ಬರುವುವು.

ಇನ್ನು ಉದ್ದರಿಯ ವಿಷಯ. 500 ರೂಪಾಯಿಯ ಸಾಮಾನೊಂದನ್ನು ಕಡವಾಗಿ ಕೊಟ್ಟು ಹಣ ಬಾರದೆ ಹೋದರೆ ಏಜೆಂಟನ ಅಸಲು 400 ರೂಪಾಯಿ ನಷ್ಟವಾಗುತ್ತದೆ. ಅಂತಹವೇ ನಾಲ್ಕು ಸಾಮಾನುಗಳನ್ನು ನಗದಿಗೆ ಮಾರಿದರೆ ಆ ನಷ್ಟ ತುಂಬೀತು. ಐದನೆಯದರಿಂದ ಲಾಭವು ಆರಂಭ. ಮಾರಿದ ಸಾಮಾನಿನ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಕಾನೂನಿನಂತೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯುಂಟು. ಆದರೆ ನೆಂಟರಿಷ್ಟರಿರುವ ಹೋಬಳಿಯಲ್ಲಿ ಒಂದು ಗುದ್ದಲಿಯ ಬಾಬ್ತು ಕೋರ್ಟಿಗೆ ಹೋಗುವವರು ಯಾರು? ಹಣವೂ ಹೋಗಿ, ಮದುವೆ ಮುಂಜಿಗಳಲ್ಲಿ ಮುಖ ನೋಡುವುದೂ ತಪ್ಪಿಹೋಗುತ್ತದೆ. ದೊಡ್ಡ ಮನೆತನದವರಿಗೆ ಈ ತೊಡಕು ಹೆಚ್ಚು. ಅವರ ಬಳಿ ಉದ್ದರಿ ಕೇಳಲು ಎಲ್ಲರಿಗೂ ಸಲಿಗೆಯುಂಟು, ವಸೂಲಿಗೆ ನಿಲ್ಲಲು ಅವರಿಗೆ ಸಂಕೋಚವುಂಟು.

ಸರಕಾರದ ವ್ಯವಸ್ಥೆಗಳನ್ನೂ ಮರೆಯಬಾರದು. ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ಅನೇಕ ಉಪಕರಣಗಳು ಸಹಾಯಧನದಲ್ಲಿ ದೊರೆಯುತ್ತವೆ. ದೊಡ್ಡ ಯಂತ್ರಗಳನ್ನು ಬಾಡಿಗೆಗೆ ಒದಗಿಸಲು 2014-15ರಲ್ಲಿ ಕೃಷಿ ಯಂತ್ರಧಾರೆಯ ಕೇಂದ್ರಗಳು ಆರಂಭವಾದುವು. ಸಹಾಯಧನದ ಸಾಮಾನಿನೊಡನೆ ಪೂರ್ಣ ಬೆಲೆಯ ಸಾಮಾನು ಸ್ಪರ್ಧಿಸಲಾರದು. ಆದುದರಿಂದ ಗಾಡಿಯವನಿಗೆ ಉಳಿಯುವ ಕ್ಷೇತ್ರವು ಕೈಹತ್ಯಾರು, ಕಾವು, ಬಿಡಿಭಾಗ, ಸಾಣೆ ಮತ್ತು ಸಣ್ಣ ರಿಪೇರಿ. ಇದನ್ನು ಕೀಳೆಂದು ಎಣಿಸಬೇಕಾಗಿಲ್ಲ. ಸಾಣೆ ಹಿಡಿದುಕೊಡುವವನು ಬಂದರೆ ಹಳ್ಳಿಯವರು ತಾವಾಗಿಯೇ ಕೂಡುವರು. ಹಳೆಯ ಕುಡುಗೋಲನ್ನು ತಂದವನೇ ಹೊಸದನ್ನೂ ಕೊಳ್ಳುವನು.

ತಾಳ್ಮೆಯೂ ಬೇಕು. 1888ರಲ್ಲಿ ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯಿಂದ ಉದ್ಯಮ ಪ್ರಾರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂದೆ ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುವುದೆಂದು ರೈತರು ಶಂಕಿಸಿದರಂತೆ. ಮೊದಲ ಮಾರಾಟಕ್ಕೆ ವರ್ಷಗಳೇ ಹಿಡಿದುವೆಂದು ಹೇಳುತ್ತಾರೆ. ಅಷ್ಟು ಕಾಲ ಕಾಯುವ ಶಕ್ತಿಯು ಸಾಲದ ಬಂಡವಾಳಕ್ಕೆ ಇರುವುದಿಲ್ಲ.

ಕರಾರಿಗೆ ರುಜು ಹಾಕುವ ಮೊದಲು ಕೆಲವು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ಮಾರಾಟದ ಪ್ರದೇಶ ಯಾವುದು, ಅದರೊಳಗೆ ಕಂಪೆನಿಯು ಮತ್ತೊಬ್ಬ ಏಜೆಂಟನನ್ನು ನೇಮಿಸಬಹುದೇ? ಮಾರಾಟವಾಗದ ಸಾಮಾನನ್ನು ಯಾವ ಬೆಲೆಗೆ ಹಿಂದಕ್ಕೆ ತೆಗೆದುಕೊಳ್ಳುವರು? ತಿಂಗಳಿಗೆ ಇಷ್ಟು ಸರಕನ್ನು ಕೊಳ್ಳಲೇಬೇಕೆಂಬ ಶರತ್ತು ಉಂಟೇ? ಏಜೆನ್ಸಿಯನ್ನು ಬಿಟ್ಟರೆ ಠೇವಣಿಯು ಎಷ್ಟು ದಿನಗಳಲ್ಲಿ ಮರಳುವುದು? ಅಮೆರಿಕಾದಲ್ಲಿ ಇಂತಹ ವಿವರಗಳ ಪತ್ರವನ್ನು ರುಜುವಿಗೆ ಕನಿಷ್ಠ 14 ದಿನ ಮುಂಚಿತವಾಗಿ ಕೊಡಬೇಕೆಂಬ ನಿಯಮವಿದೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕವಾದ ಕಾನೂನಿಲ್ಲ; 1872ರ ಕರಾರು ಕಾನೂನೇ ಮುಖ್ಯ ಆಧಾರ. ಕಾನೂನು ಕೇಳಿಸಿಕೊಡದ ವಿವರವನ್ನು ನಾವೇ ಕೇಳಿ ಪಡೆಯಬೇಕು. ಏಜೆನ್ಸಿ ನಡೆಸುತ್ತಿರುವವರನ್ನು ಮಾತ್ರವಲ್ಲದೆ, ಬಿಟ್ಟವರನ್ನೂ ಹುಡುಕಿ ಮಾತನಾಡಿಸುವುದು ಉತ್ತಮ. ಸಾಧ್ಯವಾದರೆ ಒಂದು ವಾರ ಅವರಲ್ಲೊಬ್ಬರ ಗಾಡಿಯಲ್ಲಿ ಕುಳಿತು ತಿರುಗಿ ಬರಬೇಕು.

ಈ ಲೇಖಕನ ಅಭಿಪ್ರಾಯವು ಇಷ್ಟು. ಭೂಮಿಯನ್ನು ಆಧಾರವಿಟ್ಟು ಈ ಏಜೆನ್ಸಿಯನ್ನು ಹಿಡಿಯಬಾರದು. ಕಳೆದುಕೊಂಡರೂ ಸಂಸಾರವು ಅಲುಗಾಡದಷ್ಟು ಹಣವಿದ್ದವನು, ಒಂದು ವರ್ಷ ಬಾಡಿಗೆಯ ಗಾಡಿಯಲ್ಲಿ ಎರಡು ಮೂರು ಸಂತೆಗಳಿಗೆ ಹೋಗಿ, ನಗದಿಗೆ ಮಾತ್ರ ಮಾರಿ, ದಿನದಿನದ ಲೆಕ್ಕವನ್ನು ಬರೆದಿಟ್ಟು, ಆಮೇಲೆ ನಿರ್ಧರಿಸಲಿ. ಗ್ರಾಮದ ಮುಖಂಡರು ಇಂತಹ ಸಾಲಗಳಿಗೆ ದಾಕ್ಷಿಣ್ಯದಿಂದ ಜಾಮೀನು ನಿಲ್ಲಬಾರದು. ಅದಕ್ಕಿಂತ, ತಮ್ಮ ಸಹಕಾರ ಸಂಘವೋ ರೈತ ಉತ್ಪಾದಕರ ಕಂಪೆನಿಯೋ ಗಾಡಿಯನ್ನು ಇಟ್ಟು, ಯುವಕನನ್ನು ಸಂಬಳದ ಮೇಲೆ ನೇಮಿಸಲಾದೀತೇ ಎಂದು ಸಭೆಯಲ್ಲಿ ವಿಚಾರಿಸಲಿ. ಆಗ ನಷ್ಟವೊದಗಿದರೆ ಹಲವರಲ್ಲಿ ಹಂಚಿಹೋಗುವುದು. ಒಂದು ಮನೆಯ ತೋಟ ಉಳಿಯುವುದು.

ಮೇಲೆ ಹೇಳಿದ ತಂದೆಮಕ್ಕಳು ಅಂದು ಅಸಮಾಧಾನದಿಂದಲೇ ಎದ್ದು ಹೋದರು. ಈಗ ಹುಡುಗನು ವಾರಕ್ಕೆ ಎರಡು ಸಂತೆಗಳಲ್ಲಿ ಕೂರುತ್ತಾನೆ; ಪಕ್ಕದಲ್ಲಿ ಸಾಣೆಯ ಯಂತ್ರವನ್ನು ಇಟ್ಟುಕೊಂಡಿದ್ದಾನೆ. ಸಂಪಾದನೆಯು ಇನ್ನೂ ಸ್ವಲ್ಪವೇ. ಸಾಣೆಯಿಂದ ಬರುವುದು ಮಾರಾಟದಿಂದ ಬರುವುದಕ್ಕಿಂತ ಹೆಚ್ಚೆಂದು ಮೊನ್ನೆ ತನ್ನ ಲೆಕ್ಕದ ಪುಸ್ತಕವನ್ನು ತಂದು ತೋರಿಸಿದನು. ತೋಟದ ಮೇಲೆ ಸಾಲವಿಲ್ಲ.