ಕಿವಿಯೊಳಗಿನ ತರಗತಿ

ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಊರಿಗೆ ವಿದ್ಯುತ್ ಇಲ್ಲದ ಒಂದು ಸಂಜೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಮೊದಲ ವರ್ಷದ ಬಿ.ಎಸ್‌ಸಿ. ಕಿವಿಯಲ್ಲಿ ಇಯರ್‌ಫೋನು. ಓದುವ ಹೊತ್ತಿನಲ್ಲಿ ಹಾಡೇ ಎಂದು ಗದರಿದೆ.

"ಹಾಡಲ್ಲ ಸಾರ್, ಪಾಠ. ಮೇಷ್ಟ್ರ ಒಪ್ಪಿಗೆ ಪಡೆದು ಫೋನಿನಲ್ಲಿ ಮುದ್ರಿಸಿಕೊಂಡದ್ದು. ಎಂಟ್ರೊಪಿ ಅರ್ಥವಾಗದೆ ನಾಲ್ಕನೆಯ ಸಲ ಕೇಳುತ್ತಿದ್ದೇನೆ. ತರಗತಿಯಲ್ಲಿ ಎರಡನೆಯ ಸಲ ಕೇಳಿದರೇ ನಗುತ್ತಾರೆ."

ಗದರಿದ್ದಕ್ಕೆ ನನಗೇ ನಾಚಿಕೆಯಾಯಿತು.

ಧ್ವನಿಯನ್ನು ಮುದ್ರಿಸಿ, ಕಂತುಕಂತಾಗಿ ಅಂತರ್ಜಾಲದಲ್ಲಿರಿಸಿ, ಬೇಕೆಂದಾಗ ಕೇಳುವಂತೆ ಮಾಡುವುದೇ ಪಾಡ್‌ಕಾಸ್ಟ್. ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಸೇರಿ 2004ರಲ್ಲಿ ಹುಟ್ಟಿದ ಪದವಿದು. ಅದೇ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯವು ಹೊಸದಾಗಿ ಸೇರಿದ ಸುಮಾರು 1,650 ವಿದ್ಯಾರ್ಥಿಗಳಿಗೆ ಐಪಾಡ್ ಹಂಚಿ, ಪಾಠ ಕೇಳಲು ಹಚ್ಚಿತು.

ಧ್ವನಿಯ ನಂಟು ನಮ್ಮ ಅಧ್ಯಾಪಕರಿಗೆ ಹೊಸದೇನಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆಕಾಶವಾಣಿ ಎಂಬ ಹೆಸರು ಬೆಳೆದದ್ದು ಅಲ್ಲಿಂದಲೇ. ಶಿಕ್ಷಣಕ್ಕೆಂದೇ 2001ರಲ್ಲಿ ಜ್ಞಾನವಾಣಿಯೂ ಬಂತು. ಆದರೆ ರೇಡಿಯೋ ಪಾಠದ ಗಂಟೆ ನಮ್ಮ ಕೈಯಲ್ಲಿಲ್ಲ; ತಪ್ಪಿದರೆ ತಪ್ಪಿತು. ಪಾಡ್‌ಕಾಸ್ಟನ್ನು ನಿಲ್ಲಿಸಬಹುದು, ಹಿಂದಕ್ಕೆ ಸರಿಸಬಹುದು.

ಹಾಗಾದರೆ ವಿಡಿಯೋ ಪಾಠವೇ ಮೇಲಲ್ಲವೇ ಎನ್ನುತ್ತೀರಿ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಮುದ್ರಿಸಿದ 20 ನಿಮಿಷದ ಧ್ವನಿಗೆ ಸುಮಾರು 10 ಮೆಗಾಬೈಟ್ ಸಾಕು. ಸೆಕೆಂಡಿಗೆ ಒಂದು ಮೆಗಾಬಿಟ್‌ನ ಸಾಧಾರಣ ವಿಡಿಯೋಗೆ 150 ಬೇಕು! 2020ರ ಲಾಕ್‌ಡೌನಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ನಮ್ಮ ಮಕ್ಕಳಿಗೆ ಈ ಅಂತರದ ಬೆಲೆ ಗೊತ್ತು. ಒಮ್ಮೆ ಇಳಿಸಿಕೊಂಡರೆ ಟವರ್ ಸತ್ತರೂ ಪಾಠ ಸಾಯದು.

ಆದರೆ ಕಿವಿಗೂ ಮಿತಿಯಿದೆ. ಬೆನ್ಜೀನಿನ ಉಂಗುರವನ್ನು, ಲೆನ್ಸಿನ ಕಿರಣಚಿತ್ರವನ್ನು ಕೇಳಿ ಕಲಿಯಲಾಗದು. ಆದ್ದರಿಂದ ಮಿತ್ರರೇ, ಪಠ್ಯಪುಸ್ತಕ ತೆರೆದಿಟ್ಟು, ಪೆನ್ಸಿಲ್ ಹಿಡಿದು ಕೇಳಿ. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ, ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲವೆಂದೇ ತಿಳಿಯಿರಿ. ಪೋಷಕರೇ, ಕಿವಿಯಲ್ಲಿ ಇಯರ್‌ಫೋನು ಕಂಡೊಡನೆ ನನ್ನಂತೆ ಗದರಬೇಡಿ. ಏನು ಕೇಳಿದೆ ಎಂದು ವಿಚಾರಿಸಿ.

ಅಂದು ಮೋಂಬತ್ತಿಯ ಬೆಳಕಿನಲ್ಲಿ ಹುಡುಗನ ಮುಂದೆ ಕಾಫಿಯ ಲೋಟವಿಟ್ಟು ಕೇಳಿದೆ: "ಬೆರೆತ ಹಾಲು ತಾನಾಗಿ ಮತ್ತೆ ಬೇರೆಯಾಗುವುದೇ?" ಅವನ ಮುಖ ಅರಳಿತು. "ಬೆರೆಯುವ ದಾರಿ ಲೆಕ್ಕವಿಲ್ಲದಷ್ಟು, ಬೇರೆಯಾಗಿ ನಿಲ್ಲುವ ದಾರಿ ತೀರಾ ಕಡಿಮೆ. ಅದೇ ಅಲ್ಲವೇ ಸಾರ್, ಎಂಟ್ರೊಪಿ?"

ನಾಲ್ಕು ಸಲ ಕೇಳಿದ್ದರಿಂದಲೇ ಅವನಿಗೆ ಅದು ಥಟ್ಟನೆ ಹೊಳೆಯಿತು. ಆದರೆ ಅವನಿಗೆ ಅರ್ಥವಾಗಿಲ್ಲವೆಂಬುದು ಆ ಯಂತ್ರಕ್ಕೆ ನಾಲ್ಕು ಸಲವೂ ತಿಳಿದಿರಲಿಲ್ಲ. ಎಷ್ಟು ಸಲ ಬೇಕಾದರೂ ಯಂತ್ರದಿಂದ ಕೇಳಿ. ಅರ್ಥವಾಗದ್ದನ್ನು ಮಾತ್ರ ಮೇಷ್ಟ್ರನ್ನೇ ಕೇಳಿ. ನಗುವವರು ನಗಲಿ.